ಎರಡು ಬ್ರೇಕಿನ ಕಾರು

ನಮ್ಮ ಭಾವನ ಕಾರಿಗೆ ಎರಡು ಬ್ರೇಕು. ಒಂದು ಓಡಿಸುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂರುವ ಭಾವನ ಕಾಲ ಕೆಳಗೆ. ಡ್ರೈವಿಂಗ್ ಸ್ಕೂಲಿನ ಕಾರೆಂದ ಮೇಲೆ ಹಾಗೆ ಇರಲೇಬೇಕು, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಓಡಿಸುವವರ ಕಡೆಯ ಬ್ರೇಕಿನ ರಬ್ಬರು ಮೊನ್ನೆ ತಂದು ಹಾಕಿದಂತೆ ಉಳಿದಿದೆ, ಭಾವನ ಕಡೆಯದು ಮೂರು ಸಲ ಸವೆದು ಈಗ ನಾಲ್ಕನೆಯದು ನಡೆಯುತ್ತಿದೆ. ಭಾವನ ಸ್ವಭಾವದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಅವರು ನನ್ನ ಸ್ವಂತ ಅಕ್ಕನ ಗಂಡ, ಹೇಳುವ ಹಕ್ಕು ನನಗಿದೆ.

ನಮ್ಮೂರಲ್ಲಿ ನಾಲ್ಕು ಚಕ್ರದ ಗಾಡಿ ಓಡಿಸುವವರೆಲ್ಲ ಭಾವನ ಶಿಷ್ಯರು. ಬ್ರೆಡ್ಡಿನ ವ್ಯಾನಿನವನು, ಹಲ್ಲಿನ ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಕೊನೆಗೆ ಟ್ರಾಫಿಕ್ ಪೊಲೀಸಪ್ಪ ಕೂಡ. ಎಲ್ಲರೂ ಅವರನ್ನು ಮೇಷ್ಟ್ರೇ ಎನ್ನುತ್ತಾರೆ. ಮೇಷ್ಟ್ರ ಹತ್ತಿರ ಒಂದು ನೋಟ್‌ಬುಕ್ಕಿದೆ, ಮೊದಲು ಅದರಲ್ಲಿ ನಲವತ್ತೊಂದು ನಿಯಮಗಳಿದ್ದವು. ಅಷ್ಟನ್ನೂ ಬಾಯಿಪಾಠ ಒಪ್ಪಿಸದ ಹೊರತು ಅವರು ಯಾರಿಗೂ ಸ್ಟೀರಿಂಗ್ ಮುಟ್ಟಲು ಬಿಟ್ಟವರಲ್ಲ. ಹದಿನಾಲ್ಕನೆಯ ನಿಯಮ ಹೀಗಿದೆ: 'ದಾರಿಯ ಬಗ್ಗೆ ಅನುಮಾನ ಬಂದರೆ ಮುಂದಿನ ಗಾಡಿಯ ಹಿಂದೆ ಹೋಗು. ಅದು ಡ್ರೈವಿಂಗ್ ಸ್ಕೂಲಿನ ಗಾಡಿಯಾಗಿದ್ದರೆ ಯೋಚನೆಯೇ ಬೇಡ.' ನಾನು ಗಡಿಯಾರ ರಿಪೇರಿಯವನು, ದಿನವಿಡೀ ಕೂತಲ್ಲೇ ಕೆಲಸ, ಗಾಡಿಯೂ ಇಲ್ಲ. ಆದರೂ ಭಾವನ ಒತ್ತಾಯಕ್ಕೆ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದೇನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಲವತ್ತೊಂದನ್ನೂ ಹೇಳುತ್ತೇನೆ.

ಊರ ನಡುವೆ ಐದು ರಸ್ತೆ ಕೂಡುವ ಜಾಗವೊಂದಿತ್ತು. ನಮ್ಮವರು ಯಾವ ರಸ್ತೆಯನ್ನೂ ಹೆಸರು ಹಿಡಿದು ಕರೆದವರಲ್ಲ. ಛತ್ರಿ ರಿಪೇರಿಯವನ ಹತ್ತಿರ ತಿರುಗು, ಹಳದಿ ಬಾಗಿಲಿನ ಟೈಲರನ್ನು ದಾಟು, ಇಷ್ಟೇ. ನಾಲ್ಕು ತಿಂಗಳ ಹಿಂದೆ ಪುರಸಭೆಯವರು ಆ ಜಾಗಕ್ಕೆ ಸುತ್ತ ತಗಡು ಕಟ್ಟಿದರು. ಛತ್ರಿಯವನ ಅಂಗಡಿ ಹೋಯಿತು, ಹಳದಿ ಬಾಗಿಲು ಹೋಯಿತು, ಮೂಲೆಯ ಗೋಡೆಗಳೂ ಹೋದವು. ಒಳಗೆ ದೊಡ್ಡ ಊರುಗಳಲ್ಲಿ ಇರುವಂಥ ಸರ್ಕಲ್ ಕಟ್ಟುತ್ತಿದ್ದಾರಂತೆ ಎಂದು ಸುದ್ದಿ ಹಬ್ಬಿತು.

ಆಗ ಕ್ಷೌರದಂಗಡಿಯವನು ಭಾವನ ಗಲ್ಲಕ್ಕೆ ಸೋಪು ಹಚ್ಚುತ್ತಾ ಕೇಳಿದ, "ಮೇಷ್ಟ್ರೇ, ಈ ಸರ್ಕಲ್‌ನಲ್ಲಿ ಗಾಡಿ ಓಡಿಸೋದು ಹ್ಯಾಗೆ?"

ಭಾವ 'ನಾನು ನೋಡಿಲ್ಲಪ್ಪಾ' ಎಂದು ಹೇಳಿ ಸುಮ್ಮನಾಗಬಹುದಿತ್ತು. ನನಗೆ ತಿಳಿದಂತೆ ಭಾವ ಬದುಕಿನಲ್ಲಿ ಕಂಡ ಒಂದೇ ಒಂದು ವೃತ್ತವೆಂದರೆ ಸ್ಟೀರಿಂಗು. ಆದರೆ ಬೆಂಚಿನ ಮೇಲೆ ಏಳು ಜನ ಕೂತಿದ್ದರು, ಏಳೂ ಜನ ಶಿಷ್ಯರು.

"ಅದೇನ್ ಮಹಾ!" ಎಂದರು ಭಾವ. "ನಾನು ಓಡಿಸಿರೋ ಸರ್ಕಲ್‌ಗಳನ್ನ ಸಾಲಾಗಿ ಜೋಡಿಸಿದ್ರೆ ಪಕ್ಕದೂರು ಮುಟ್ಟುತ್ತೆ." ಅರ್ಧ ಸೋಪಿನ ಮುಖದಲ್ಲೇ ಎದ್ದು, ಸೋಪಿನ ಬಟ್ಟಲನ್ನು ಮೇಜಿನ ನಡುವೆ ಇಟ್ಟು, ಸುತ್ತ ಐದು ಬಾಚಣಿಗೆ ಜೋಡಿಸಿದರು. "ಇದು ಸರ್ಕಲ್ಲು, ಇವು ರಸ್ತೆ. ಒಳಗೆ ಹೊಕ್ಕ ಮೇಲೆ ನಿಲ್ಲಿಸಬಾರದು. ದಾರಿ ಗಟ್ಟಿಯಾಗಿ ಗೊತ್ತಾಗೋ ತನಕ ಹೊರಗೆ ಬರಬಾರದು. ಸುತ್ತೋದ್ರಲ್ಲಿ ತಪ್ಪೇನಿಲ್ಲ, ತಪ್ಪಿರೋದು ಅವಸರದಲ್ಲಿ."

ಏಳು ಜನ ತಲೆದೂಗಿದರು. ಸಂಜೆಯ ಹೊತ್ತಿಗೆ ಈ ಉಪದೇಶ ಊರೆಲ್ಲ ಹರಡಿತು. ಭಾವ ಮನೆಗೆ ಬಂದು ಅದನ್ನು ನಲವತ್ತೆರಡನೆಯ ನಿಯಮವಾಗಿ ಬರೆದುಕೊಂಡರು.

ಇನ್ನು ಅಕ್ಕನ ವಿಷಯ. ಅಕ್ಕನಿಗೆ ನಲವತ್ತಾರು. ಊರಿಗೆಲ್ಲ ಕಲಿಸಿದ ಭಾವನಿಗೆ ಹೆಂಡತಿಗೂ ಕಲಿಸಬಹುದೆಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಈ ವರ್ಷ ಅವಳೇ ಕೇಳಿದಳು. ಅವಳು ಹನ್ನೊಂದು ವರ್ಷದಿಂದ ಶಿಶುವಿಹಾರವೊಂದರಲ್ಲಿ ಆಯಾ. ಮಕ್ಕಳ ಮೂಗು ಒರೆಸುವುದು, ಬೂಟಿನ ದಾರ ಕಟ್ಟುವುದು, ಅಳುವವರನ್ನು ಎತ್ತಿಕೊಂಡು ತಿರುಗುವುದು. ಮಕ್ಕಳನ್ನು ಕರೆತರುವ ವ್ಯಾನಿಗೆ ಡ್ರೈವರ್ ಬೇಕಾದಾಗ ಅಕ್ಕ ಕೈ ಎತ್ತಿದಳು. ಅಲ್ಲಿನ ಹೆಡ್ ಮೇಡಂ ಒಂದೇ ಮಾತು ಹೇಳಿದರು: "ಸೋಮವಾರ ಲೈಸೆನ್ಸ್ ತಂದ್ರೆ ವ್ಯಾನ್ ನಿಮ್ದು. ಇಲ್ಲಾಂದ್ರೆ ಬೇರೆಯವರು ಕಾಯ್ತಿದ್ದಾರೆ." ಅಕ್ಕನ ಕಲಿಕಾ ಲೈಸೆನ್ಸಿನ ಅವಧಿ ಅದರ ಹಿಂದಿನ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಟೆಸ್ಟಿನ ದಿನ ಎರಡು ಸಲ ತಪ್ಪಿಹೋಗಿತ್ತು. ಒಮ್ಮೆ ಭಾವನಿಗೆ ನೆಗಡಿ, ಇನ್ನೊಮ್ಮೆ 'ನೀನಿನ್ನೂ ತಯಾರಾಗಿಲ್ಲ' ಎಂದು ಭಾವನ ತೀರ್ಪು. ಇನ್ನು ಉಳಿದದ್ದು ಆ ಶುಕ್ರವಾರ ಬೆಳಿಗ್ಗೆ ಟೆಸ್ಟ್ ಮುಗಿಯುವ ಹನ್ನೊಂದರ ತನಕ, ಅಷ್ಟೇ.

ಗುರುವಾರ ಸಂಜೆ ಅಕ್ಕ ನನ್ನ ಅಂಗಡಿಗೆ ಬಂದಳು. ಸ್ವಲ್ಪ ಹೊತ್ತು ಗೋಡೆಯ ಗಡಿಯಾರಗಳನ್ನು ನೋಡಿದಳು. ಆಮೇಲೆ, "ಈ ಕೆಲಸ ನಂಗೆ ಬೇಕು ಕಣೋ," ಎಂದಳು. "ಇಷ್ಟು ವರ್ಷದಲ್ಲಿ ನಾನಾಗಿ ಬೇಕು ಅಂತ ಕೇಳಿದ್ದು ಇದೊಂದೇ."

ನಾನು ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟೆ. "ನಾಳೆ ನಾನೂ ನಿಮ್ಮ ಜೊತೆ ಬರ್ತೀನಿ ಬಿಡು," ಎಂದೆ.

"ಬಾ. ಸರ್ಕಲ್ಲಿನ ತಗಡು ತೆಗೀತಿದ್ದಾರಂತೆ, ನಾನು ನಡ್ಕೊಂಡೇ ಹೋಗಿ ಒಂದ್ಸಲ ನೋಡ್ಕೊಂಡು ಬರ್ತೀನಿ," ಎಂದು ಅವಳು ಹೊರಟಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾವು ಮನೆ ಬಿಟ್ಟೆವು. ಅಕ್ಕ ಸ್ಟೀರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ಭಾವ, ಹಿಂದೆ ನಾನು. ಟೆಸ್ಟ್ ಆಫೀಸು ಸರ್ಕಲ್ ದಾಟಿದರೆ ಐದು ನಿಮಿಷ. ಕಾಯುವುದಕ್ಕೆ ಬೇಜಾರಾಗುತ್ತದೆಂದು ಭಾವ ಪೇಪರ್ ಬೇರೆ ತಂದಿದ್ದರು.

ಸರ್ಕಲ್ ಕಂಡಿತು. ಭಾವ ಪೇಪರ್ ಮಡಿಚಿದರು.

"ಧೈರ್ಯವಾಗಿ ನುಗ್ಗು. ನಾನಿದೀನಲ್ಲ," ಎಂದರು.

ನುಗ್ಗಿದೆವು. ನಡುವೆ ಹುಲ್ಲು ಹಾಸಿದ ದೊಡ್ಡ ದಿಬ್ಬ. ಅದರ ಮೇಲೆ ಟ್ರಾಫಿಕ್ ಪೊಲೀಸಪ್ಪ ಪೀಪಿ ಹಿಡಿದು ನಿಂತಿದ್ದ. ಸುತ್ತ ಐದು ಬಾಯಿ. ಐದಕ್ಕೂ ಒಂದೇ ಬಣ್ಣದ ಕಲ್ಲಿನ ಅಂಚು, ಒಂದೇ ಎತ್ತರದ ಬೂದು ಗೋಡೆ, ಒಂದೊಂದು ಗಿಡ, ಗಿಡಕ್ಕೊಂದು ಕಬ್ಬಿಣದ ಪಂಜರ. ಪ್ರತಿ ಬಾಯಿಯಲ್ಲೂ ಬೋರ್ಡಿತ್ತು. ಆದರೆ ಹಾಕಿದ ಪುಣ್ಯಾತ್ಮರು ಅವುಗಳ ಮುಖವನ್ನು ಆಚೆಗೆ ಮಾಡಿ ಹಾಕಿದ್ದರು. ವೃತ್ತದೊಳಗೆ ಇದ್ದವರಿಗೆ ಕಾಣುತ್ತಿದ್ದದ್ದು ಐದು ಬೋಳು ಬೆನ್ನು. ಅಂದರೆ ಒಂದು ರಸ್ತೆಯಲ್ಲಿ ಹೋಗಿ ಹಿಂತಿರುಗಿ ಬಂದವರಿಗೆ ಮಾತ್ರ ತಾವು ಯಾವ ರಸ್ತೆಯಲ್ಲಿ ಹೋಗಿದ್ದೆವೆಂದು ತಿಳಿಯುವ ಏರ್ಪಾಡು. ಇಂಥ ಜ್ಞಾನ ನಮಗೆ ವಯಸ್ಸಾದ ಮೇಲೆ ತಾನಾಗಿಯೇ ಬರುತ್ತದೆ, ಅದಕ್ಕೆ ಪುರಸಭೆ ಯಾಕೆ ಬೇಕೋ ಗೊತ್ತಿಲ್ಲ.

"ರೀ," ಎಂದಳು ಅಕ್ಕ, "ಐದು ಗಿಡದಲ್ಲಿ ಒಂದು ಒಣಗಿದೆ ನೋಡಿ. ಟೆಸ್ಟ್ ಆಫೀಸಿನ ದಾರಿ ಅದೇ. ನಿನ್ನೆ ನೋಡ್ಕೊಂಡು ಹೋಗಿದೀನಿ." ಹಾಗೆಂದು ಇಂಡಿಕೇಟರ್ ಹಾಕಿ ಆ ಕಡೆ ತಿರುಗಿಸಿದಳು.

ಕಿರ್ರ್ ಎಂದು ಕಾರು ನಿಂತಿತು. ಭಾವ ತಮ್ಮ ಬ್ರೇಕು ಒತ್ತಿದ್ದರು. ನನ್ನ ಹಣೆ ಅಕ್ಕನ ಸೀಟಿಗೆ ಬಡಿಯಿತು.

"ಗಿಡ ನೋಡ್ಕೊಂಡು ಯಾರಾದ್ರೂ ಗಾಡಿ ಓಡಿಸ್ತಾರೇನೇ? ಇದ್ರಲ್ಲಿ ಒಂದು ಬೈಪಾಸಿಗೆ ಹೋಗೋದು. ಅದಕ್ಕೆ ಹೊಕ್ಕರೆ ಹದಿಮೂರು ಕಿಲೋಮೀಟರ್ ತಿರುಗೋಕೇ ಜಾಗ ಇಲ್ಲ! ಬೆಳಿಗ್ಗೆ ಆರಕ್ಕೆ ಹೋದ ಹಾಲಿನವನು ಇನ್ನೂ ಬಂದಿಲ್ಲ, ಗೊತ್ತಾ? ನಡಿ, ಇನ್ನೊಂದು ಸುತ್ತು ನೋಡೋಣ."

ಹಾಲಿನವನ ಮಾತು ನಿಜವೇ. ಆ ದಿನ ನಮ್ಮ ಬೀದಿಯಲ್ಲಿ ಯಾರ ಮನೆಗೂ ಹಾಲು ಬಂದಿರಲಿಲ್ಲ. ಹಿಂದೆ ಯಾರೋ ಹಾರನ್ ಹೊಡೆದರು. ಅಕ್ಕ ತುಟಿ ಕಚ್ಚಿ ಗೇರು ಬದಲಾಯಿಸಿ ಮುಂದೆ ಹೋದಳು.

ಎರಡನೆಯ ಸುತ್ತಿನಲ್ಲಿ ನಮ್ಮ ಹಿಂದೆ ಬ್ರೆಡ್ಡಿನ ವ್ಯಾನು ಸೇರಿಕೊಂಡಿತು. ಮೂರನೆಯದರಲ್ಲಿ ಹಲ್ಲಿನ ಡಾಕ್ಟರು, ಬ್ಯಾಂಕ್ ಮ್ಯಾನೇಜರು, ಒಂದು ಬೂದು ಬಣ್ಣದ ಜೀಪು. ನಾಲ್ಕನೆಯದರಲ್ಲಿ ಎಷ್ಟು ಗಾಡಿ ಸೇರಿದವೋ ಲೆಕ್ಕ ಸಿಗಲಿಲ್ಲ. ಒಳಗೆ ಬಂದ ಪ್ರತಿಯೊಬ್ಬರೂ ಐದು ಬೋಳು ಬೆನ್ನು ನೋಡಿ ತಬ್ಬಿಬ್ಬಾಗುತ್ತಿದ್ದರು. ಅಷ್ಟರಲ್ಲಿ ತಲೆಯ ಮೇಲೆ ಸ್ಕೂಲಿನ ಹಲಗೆ ಹೊತ್ತ ನಮ್ಮ ಕಾರು ಕಣ್ಣಿಗೆ ಬೀಳುತ್ತಿತ್ತು. ಸಮುದ್ರದಲ್ಲಿ ದೀಪ ಕಂಡವರಂತೆ ಮುಖ ಅರಳಿಸಿ ಹಿಂದೆ ಬೀಳುತ್ತಿದ್ದರು. ಹದಿನಾಲ್ಕನೆಯ ನಿಯಮ ಇಷ್ಟು ಜನರಿಗೆ ಇಷ್ಟು ಚೆನ್ನಾಗಿ ನೆನಪಿದೆಯೆಂದು ಭಾವನಿಗೇ ಗೊತ್ತಿರಲಿಲ್ಲ.

"ನಮಸ್ಕಾರ ಮೇಷ್ಟ್ರೇ!" ಎಂದು ಬ್ರೆಡ್ಡಿನವನು ಪಕ್ಕಕ್ಕೆ ಬಂದು ಕೂಗಿದ. "ಇನ್ನೆಷ್ಟು ಸುತ್ತು?"

"ಅವಸರ ಮಾಡ್ಬಾರದು!" ಎಂದು ಭಾವ ಕೂಗಿದರು.

"ಇಲ್ಲ ಮೇಷ್ಟ್ರೇ!" ಎಂದು ಅವನು ನಾಚಿ ಹಿಂದೆ ಸರಿದ.

ಡಾಕ್ಟರು ಮಾತ್ರ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದರು. "ಮೇಷ್ಟ್ರೇ, ಪೇಷಂಟಿಗೆ ಬಾಯಿ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹತ್ತಿ ತರೋಕೆ ಅಂತ ಬಂದೆ! ಅವರು ಬಾಯಿ ತೆರ್ಕೊಂಡು ಕೂತಿದ್ದಾರೆ!"

"ಮುಚ್ಕೊಳೋಕೆ ಹೇಳಿ!"

"ಫೋನ್ ಮಾಡಿದೆ, ಅವರಿಗೆ ಮಾತಾಡೋಕೆ ಬರ್ತಿಲ್ಲ!"

ಈ ನಡುವೆ ಅಕ್ಕ ಇನ್ನೂ ಎರಡು ಸಲ ಒಣಗಿದ ಗಿಡದ ಕಡೆ ತಿರುಗಿಸಿದಳು. ಎರಡು ಸಲವೂ ಭಾವನ ಕಾಲು ಕೆಲಸ ಮಾಡಿತು. ನನ್ನ ಹಣೆ ಒಂದೇ ಜಾಗದಲ್ಲಿ ಮೂರು ಸಲ ಬಡಿದು ಗೆಣಸಿನಷ್ಟು ಊದಿತು. ನಾನು ಕೈಗಡಿಯಾರ ನೋಡಿದೆ, ಹತ್ತೂ ಇಪ್ಪತ್ತೈದು. ಬೇರೆಯವರ ಗಡಿಯಾರ ಎಷ್ಟು ಹೊತ್ತು ತೋರಿಸಿದರೂ ನನಗೆ ಏನೂ ಅನ್ನಿಸುವುದಿಲ್ಲ. ಆ ದಿನ ಮಾತ್ರ ಮುಳ್ಳು ಮುಂದೆ ಹೋದಂತೆಲ್ಲ ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದೆ.

"ಭಾವ, ಅಕ್ಕ ನಿನ್ನೆ ನಡ್ಕೊಂಡು ಬಂದು ನೋಡಿದಾಳೆ. ಒಂದ್ಸಲ ಅವಳ ಮಾತು ಕೇಳಿ," ಎಂದೆ.

"ನಡ್ಕೊಂಡು ನೋಡೋದು ಬೇರೆ, ಓಡಿಸ್ಕೊಂಡು ನೋಡೋದು ಬೇರೆ. ನೀನು ಸುಮ್ನೆ ಕೂತ್ಕೋ."

ದಿಬ್ಬದ ಮೇಲಿನ ಪೊಲೀಸಪ್ಪನ ಪಾಡು ನಮಗಿಂತ ಕಷ್ಟವಾಗಿತ್ತು. ಅವನು ಬೆಳಿಗ್ಗೆ ಖಾಲಿ ರಸ್ತೆ ದಾಟಿ ಅಲ್ಲಿಗೆ ಹೋಗಿದ್ದ. ಈಗ ಹೊರಗೆ ಬರಲು ದಾರಿಯಿಲ್ಲ. ಗಾಡಿಗಳು ನಿಂತರಲ್ಲವೇ ದಾಟುವುದು? ನಮ್ಮನ್ನು ನಿಲ್ಲಿಸಲು ಅವನಿಗೆ ಅಧಿಕಾರವಿತ್ತು. ಆದರೆ ಸರ್ಕಲ್ಲಿನಲ್ಲಿ ನಿಲ್ಲಿಸಬಾರದೆಂದು ಮೇಷ್ಟ್ರು ಹೇಳಿದ್ದಾರಲ್ಲ. ಹೀಗಾಗಿ ಪ್ರತಿ ಸುತ್ತಿಗೂ ನಮಗೊಂದು ಸಲ್ಯೂಟ್ ಹೊಡೆದು ಬಾಟಲಿಯ ತಳದಲ್ಲಿ ಉಳಿದ ನೀರನ್ನು ಒಂದೊಂದೇ ಗುಟುಕು ಕುಡಿಯುತ್ತಿದ್ದ.

ಹತ್ತೂವರೆಗೆ ಫುಟ್‌ಪಾತಿನ ಮೇಲೆ ಪುರಸಭೆಯ ಎಂಜಿನಿಯರ್ ಸಾಹೇಬರು ಪ್ರತ್ಯಕ್ಷರಾದರು. ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ, ಪಕ್ಕದಲ್ಲಿ ಒಬ್ಬ ಫೋಟೋದವನು. ಒಂದರ ಹಿಂದೊಂದು ನಿಲ್ಲದೆ ಹರಿಯುತ್ತಿದ್ದ ಗಾಡಿಗಳನ್ನು ನೋಡಿ ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ನೋಡಿದ್ರಾ? ಒಂದೇ ಒಂದು ಗಾಡಿ ನಿಲ್ತಿಲ್ಲ! ಪ್ಲಾನಿನಲ್ಲಿ ಹೇಗಿದೆಯೋ ಹಾಗೇ ಹರೀತಿದೆ! ತೆಗೀರಿ ಫೋಟೋ!"

ಭಾವ ಕಿಟಕಿಯಿಂದ ಕತ್ತು ಚಾಚಿದರು. ಅವರಿಗೂ ಎಂಜಿನಿಯರಿಗೂ ನಡೆದ ಸಂಭಾಷಣೆ ಒಟ್ಟು ಅರ್ಧ ನಿಮಿಷದ್ದು. ಆದರೆ ಸುತ್ತಿಗೊಂದು ಮಾತಿನಂತೆ ಅದು ಮುಗಿಯಲು ಹತ್ತು ನಿಮಿಷ ಹಿಡಿಯಿತು.

"ಸಾರ್, ಟೆಸ್ಟ್ ಆಫೀಸಿಗೆ ಯಾವ ದಾರಿ?"

ಒಂದು ಸುತ್ತು.

"ಬೋರ್ಡ್ ಇದೆ, ನೋಡಿ!"

"ಬೋರ್ಡಿನ ಬೆನ್ನು ಕಾಣ್ತಿದೆ ಸಾರ್!"

ಇನ್ನೊಂದು ಸುತ್ತು.

"ಆ ಕಡೆಯಿಂದ ಮುಖ ತುಂಬಾ ಚೆನ್ನಾಗಿ ಕಾಣುತ್ತೆ!"

"ನಾವು ಈ ಕಡೆ ಇದೀವಲ್ಲ ಸಾರ್!"

ಮತ್ತೊಂದು ಸುತ್ತು.

"ಅದು ನಿಮ್ಮ ತಪ್ಪು! ಪ್ಲಾನಿನಲ್ಲಿ ಬರೋರಿಗೆ ಬೋರ್ಡು ಅಂತಿದೆ, ಹೋಗೋರಿಗೆ ಅಂತ ಇಲ್ಲ!"

ಮುಂದಿನ ಸುತ್ತಿಗೆ ಎಂಜಿನಿಯರ್ ಸಾಹೇಬರೇ ಉತ್ಸಾಹದಿಂದ ಕೈ ಬೀಸಿ ಕೂಗಿದರು: "ಒಂದೇ ಒಂದು ಕುಂದು ಇತ್ತು, ಅದನ್ನೂ ಈಗ ಸರಿ ಮಾಡ್ತಿದೀವಿ! ಆ ಒಣಗಿದ ಗಿಡ ಕಿತ್ತು ಹಸಿರುಗಿಡ ಇಡಿಸ್ತಿದೀನಿ! ಐದೂ ಒಂದೇ ಥರ ಆಗುತ್ತೆ!"

ತಿರುಗಿ ನೋಡಿದೆ. ನಿಜ, ಒಣಗಿದ ಗಿಡದ ಹತ್ತಿರ ಒಬ್ಬ ಆಳು ಪಂಜರ ಬಿಚ್ಚಿ ಪಕ್ಕಕ್ಕಿಟ್ಟು ಗುದ್ದಲಿ ಎತ್ತುತ್ತಿದ್ದ. ಅವನ ಪಕ್ಕದಲ್ಲಿ ಕುಂಡದೊಳಗೆ ಹಚ್ಚಗೆ ಹಸಿರಾದ ಗಿಡವೊಂದು ತನ್ನ ಸರದಿಗೆ ಕಾಯುತ್ತಿತ್ತು. ಗಂಟೆ ಹತ್ತೂ ನಲವತ್ತೆಂಟು.

ಅಕ್ಕನೂ ನೋಡಿದಳು. ಆ ಕಡೆ ಸ್ಟೀರಿಂಗ್ ತಿರುಗಿಸಿದಳು. ಭಾವ ಬ್ರೇಕ್ ಒತ್ತಿದರು. ಕಾರು ನಿಂತಿತು. ಈ ಸಲ ಅಕ್ಕ ಗೇರು ಬದಲಾಯಿಸಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಳು. ಎಂಜಿನ್ ಆರಿಸಿದಳು. ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದಳು.

ಹಿಂದೆ ಬ್ರೆಡ್ಡಿನ ವ್ಯಾನು ನಿಂತಿತು. ಅದರ ಹಿಂದೆ ಡಾಕ್ಟರು, ಮ್ಯಾನೇಜರು, ಜೀಪು, ಹೀಗೆ ಇಡೀ ವೃತ್ತವೇ ನಿಂತಿತು. ಫುಟ್‌ಪಾತಿನಿಂದ "ಯಾರ್ರೀ ಅದು ನಿಲ್ಲಿಸಿದ್ದು? ನನ್ನ ಹರಿವು!" ಎಂಬ ಆರ್ತನಾದ ಕೇಳಿಸಿತು. ಸಿಕ್ಕಿದ್ದೇ ಸಮಯವೆಂದು ಪೊಲೀಸಪ್ಪ ದಿಬ್ಬದಿಂದ ಜಿಗಿದು ಎರಡು ಗಾಡಿಗಳ ಸಂದಿಯಲ್ಲಿ ನುಸುಳಿ ಓಡಿದ. ಆಮೇಲೆ ಒಂದು ವಾರ ಅವನು ಆ ಕಡೆ ತಲೆಹಾಕಲಿಲ್ಲವಂತೆ.

"ಇಳೀರಿ," ಎಂದಳು ಅಕ್ಕ.

"ಏನು?"

"ಇಳಿದು ಹಿಂದೆ ಕೂತ್ಕೊಳ್ಳಿ. ಮುಂದೆ ನನ್ನ ತಮ್ಮ ಕೂತ್ಕೊಳ್ಳಲಿ, ಅವನಿಗೂ ಲೈಸೆನ್ಸ್ ಇದೆ."

"ಏನೇ ಇದು, ಊರೆಲ್ಲ ನೋಡ್ತಿದೆ!"

"ನೋಡ್ಲಿ. ಐದು ತಿಂಗಳು ಬೆಳಿಗ್ಗೆ ಆರಕ್ಕೆ ಎದ್ದು ನಿಮ್ಮ ಹತ್ರ ಬೈಸ್ಕೊಂಡು ಕಲ್ತಿದೀನಿ. ನಾನು ಓಡಿಸಿದ್ದೆಷ್ಟು, ನೀವು ನಿಲ್ಲಿಸಿದ್ದೆಷ್ಟು, ಯೋಚನೆ ಮಾಡಿ. ನಾನು ಇವತ್ತು ಹೋಗ್ಲೇಬೇಕು ರೀ. ಒಂದೋ ನೀವು ಇಳೀರಿ, ಇಲ್ಲ ನಾನು ಇಳಿದು ನಡ್ಕೊಂಡು ಹೋಗ್ತೀನಿ. ಟೆಸ್ಟಿಗೆ ಕಾರ್ ಇಲ್ದೇ ಹೋದ್ರೂ ಚಿಂತೆಯಿಲ್ಲ."

ಅಕ್ಕನ ದನಿ ಏರಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಭಾವನಿಗೂ ಆಗಿರಬೇಕು. ಅವರು ಒಮ್ಮೆ ಹಿಂದಿನ ಸಾಲನ್ನು ನೋಡಿದರು, ಒಮ್ಮೆ ಹೆಂಡತಿಯ ಮುಷ್ಟಿಯನ್ನು ನೋಡಿದರು. ಆಮೇಲೆ ಪೇಪರ್ ಕಂಕುಳಲ್ಲಿ ಇಟ್ಟುಕೊಂಡು, ಏನೋ ತಪಾಸಣೆಗೆ ಇಳಿದವರಂತೆ ಗಂಭೀರವಾಗಿ ಇಳಿದು, ಹಿಂದಿನ ಚಕ್ರವನ್ನು ಒಮ್ಮೆ ಒದ್ದು, ನನ್ನ ಜಾಗದಲ್ಲಿ ಬಂದು ಕೂತರು. ಬ್ರೆಡ್ಡಿನವನೂ ಇಳಿದು ತನ್ನ ಚಕ್ರ ಒದ್ದ. ಡಾಕ್ಟರೂ ಒದ್ದರು.

ನಾನು ಮುಂದೆ ಕೂತೆ. ಕಾಲ ಕೆಳಗೆ ಆ ಬ್ರೇಕು. ಅಧಿಕಾರವೆನ್ನುವುದು ಎಂಥ ಪಾಡು ತರುತ್ತದೆಂದು ನನಗೆ ಆಗಲೇ ಗೊತ್ತಾದದ್ದು. ಕಾರು ಅಲ್ಲಾಡುವ ಮೊದಲೇ ಒತ್ತಬೇಕೆನ್ನಿಸಿತು. ಎರಡೂ ಕಾಲು ಸೀಟಿನ ಮೇಲೆತ್ತಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟೆ.

ಗುದ್ದಲಿಯವನು ಒಣಗಿದ ಗಿಡವನ್ನು ಕಿತ್ತೇ ಬಿಟ್ಟಿದ್ದ, ಇನ್ನೂ ಕೈಯಲ್ಲಿ ಹಿಡಿದು ನಿಂತಿದ್ದ. ಅಕ್ಕ ಅವನ ಕೈಯಲ್ಲಿದ್ದ ಗಿಡವನ್ನೇ ನೋಡುತ್ತಾ ಕಾರು ತಿರುಗಿಸಿದಳು. ಅವನು ಹೌಹಾರಿ ಪಕ್ಕಕ್ಕೆ ಹಾರಿದ. ಹಿಂದಿನ ಸೀಟಿನಲ್ಲಿ ಭಾವ ನೆಲವನ್ನು ಧಬಧಬ ತುಳಿಯುತ್ತಿದ್ದರು. ಆ ತುಳಿತಕ್ಕೆ ಕಾರೇನೂ ನಿಲ್ಲಲಿಲ್ಲ. ನಾವು ಹೊರಗೆ ಬಂದೆವು.

"ಬೈಪಾಸು! ಇದು ಬೈಪಾಸೇ!" ಎಂದರು ಭಾವ. ನಾಲ್ಕು ನಿಮಿಷ ಹಾಗೆಂದರು. ಐದನೆಯ ನಿಮಿಷಕ್ಕೆ ಟೆಸ್ಟ್ ಆಫೀಸಿನ ಗೇಟು ಬಂತು.

ಗೇಟಿನೊಳಗೆ ನಾವು ಹೋದೆವು. ಹಿಂದೆ ಬ್ರೆಡ್ಡಿನ ವ್ಯಾನು ಬಂತು. ಡಾಕ್ಟರು ಬಂದರು, ಮ್ಯಾನೇಜರು ಬಂದರು, ಆಮೇಲೂ ಗಾಡಿಗಳು ಬರುತ್ತಲೇ ಇದ್ದವು. ಆ ಸಣ್ಣ ಅಂಗಳದಲ್ಲಿ ಇಪ್ಪತ್ಮೂರು ಗಾಡಿಗಳು ಒಂದಕ್ಕೊಂದು ಒತ್ತಿ ನಿಂತವು. ವರಾಂಡದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಜವಾನ ಎದ್ದು ನಿಂತ.

"ಇಷ್ಟು ಜನಕ್ಕೆ ಫಾರಂ ಇಲ್ಲ!" ಎಂದ.

"ನಂಗೆ ಫಾರಂ ಬೇಡಪ್ಪ. ನಾನು ಬ್ಯಾಂಕಿಗೆ ಹೋಗ್ಬೇಕಿತ್ತು," ಎಂದರು ಮ್ಯಾನೇಜರು.

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

"ಮೇಷ್ಟ್ರು ಬಂದ್ರಲ್ಲ."

ಅಕ್ಕ ಕಾಗದಗಳನ್ನು ಹಿಡಿದು ವರಾಂಡಕ್ಕೆ ಓಡಿದಳು. ಜವಾನ ಗೋಡೆಯ ಗಡಿಯಾರ ತೋರಿಸಿದ. ಹನ್ನೊಂದೂ ಎರಡು. ನನ್ನ ಕೈಗಡಿಯಾರವೂ ಅಷ್ಟೇ ತೋರಿಸಿತು.

"ಮುಗೀತಮ್ಮ. ಇನ್ಸ್‌ಪೆಕ್ಟರ್ ಸಾಹೇಬ್ರು ಹನ್ನೊಂದಕ್ಕೆ ಸರಿಯಾಗಿ ಎದ್ದು ಹೋಗ್ತಾರೆ."

ಅಕ್ಕನ ಮುಖ ಬಿಳಿಚಿಕೊಂಡಿತು. ಅವಳು ಕಾಗದಗಳನ್ನು ಮಡಿಚಿದಳು, ಮತ್ತೆ ಬಿಚ್ಚಿದಳು. ಭಾವ ಕಾರಿನಿಂದ ಇಳಿದು ಅವಳ ಹಿಂದೆ ಬಂದು ನಿಂತಿದ್ದರು.

"ಈಗ ತಾನೇ ಎದ್ದು ಹೋದ್ರಾ?" ಎಂದು ನಾನು ಕೇಳಿದೆ.

"ಇಲ್ಲ."

"ಯಾವಾಗ ಹೋದ್ರು ಹಾಗಾದ್ರೆ?"

"ಹೋಗಿಲ್ಲ. ಇವತ್ತು ಇನ್ನೂ ಬಂದೇ ಇಲ್ಲ."

"ಬರದೇ ಇರೋರು ಎದ್ದು ಹೋಗೋದು ಹ್ಯಾಗಪ್ಪಾ?"

"ಅದೆಲ್ಲ ನಂಗೊತ್ತಿಲ್ಲ. ಹನ್ನೊಂದಕ್ಕೆ ಮುಗೀತು ಅಂದ್ರೆ ಮುಗೀತು," ಎಂದು ಜವಾನ ಸ್ಟೂಲಿನ ಮೇಲೆ ಕೂತ.

ಆಗ ಅಂಗಳದಲ್ಲಿ ಆ ಬೂದು ಜೀಪಿನ ಬಾಗಿಲು ತೆರೆಯಿತು. ಬೆವರಿನಿಂದ ತೊಯ್ದ ಅಂಗಿಯ ಒಬ್ಬರು ಇಳಿದು, ಗಾಡಿಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ವರಾಂಡಕ್ಕೆ ಬಂದರು. ಜವಾನ ಸ್ಟೂಲಿನಿಂದ ಚಂಗನೆ ಎದ್ದ. ಅವರೇ ಇನ್ಸ್‌ಪೆಕ್ಟರು.

"ಹತ್ತೂಕಾಲಿಂದ ಅಲ್ಲೇ ಇದ್ದೆ," ಎಂದರು ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಾ. "ದಾರಿ ಗೊತ್ತಾಗ್ಲಿಲ್ಲ. ಮೇಷ್ಟ್ರ ಕಾರ್ ಕಾಣ್ತು, ಸದ್ಯ ಅಂತ ಹಿಂದೆ ಬಿದ್ದೆ. ಹದಿನೇಳು ವರ್ಷದ ಹಿಂದೆ ನಾನೂ ಇವರ ಹತ್ರಾನೇ ಕಲ್ತಿದ್ದು." ಸುತ್ತ ನೋಡಿ ಕೇಳಿದರು, "ಕೊನೇಗೆ ಅಲ್ಲಿಂದ ಹೊರಗೆ ತಂದವರು ಯಾರು?"

ಅಕ್ಕ ಶಾಲೆಯ ಮಗುವಿನಂತೆ ಕೈ ಎತ್ತಿದಳು.

"ಬನ್ನಿ. ಟೆಸ್ಟ್ ತಗೊಳ್ತೀನಿ. ನಾನು ಬಂದ ಮೇಲೇನೇ ಇಲ್ಲಿ ಹನ್ನೊಂದು ಗಂಟೆ ಆಗೋದು," ಎಂದು ಅವರು ಜವಾನನ ಕಡೆ ನೋಡಿದರು. ಜವಾನ ಗಡಿಯಾರದ ಕಡೆ ನೋಡದೆ ಹೌದೆಂದು ತಲೆಯಾಡಿಸಿದ.

ಇಪ್ಪತ್ತೆರಡು ಗಾಡಿಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿದರು. ಅಕ್ಕ ಎಂಟರ ಆಕಾರದಲ್ಲಿ ಓಡಿಸಿದಳು, ಎರಡು ಕಂಬಗಳ ನಡುವೆ ಹಿಂದಕ್ಕೆ ತಂದಳು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಹತ್ತಿಸಿದಳು. ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರಿಗೂ ಕಾಲ ಕೆಳಗೆ ಬ್ರೇಕಿತ್ತು. ಅವರು ಅದನ್ನು ಮುಟ್ಟಲಿಲ್ಲ. ಭಾವ ಬೆಂಚಿನ ಮೇಲೆ ಕೂತು ಒಂದೊಂದು ತಿರುವಿಗೂ ಉಸಿರು ಹಿಡಿದು ಬಿಡುತ್ತಿದ್ದರು. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲೇ ಅರ್ಧ ಇಳಿಯಿತು, ಸುಳ್ಳೇಕೆ ಹೇಳಲಿ.

ಇನ್ಸ್‌ಪೆಕ್ಟರು ವರಾಂಡದ ಮೇಜಿನ ಮೇಲೆ ಫಾರಂ ಇಟ್ಟು 'ಪಾಸು' ಎಂದು ಬರೆದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಲಿಸಿದವರು ಅಂತ ಒಂದು ಕಾಲಂ ಇದೆ. ನಿಮ್ಮ ಹೆಸರು ಬರೀಲಾ ಮೇಷ್ಟ್ರೇ?" ಎಂದರು ಇನ್ಸ್‌ಪೆಕ್ಟರು.

ಶಿಷ್ಯರೆಲ್ಲ ಸುತ್ತ ನೆರೆದಿದ್ದರು. ಭಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಇನ್ನೊಂದು ಉಪದೇಶ ಬಂತೆಂದು ನಾನು ಕಣ್ಣು ಮುಚ್ಚಿದೆ.

"ಗೇರು, ಕ್ಲಚ್ಚು ನಾನು ಹೇಳ್ಕೊಟ್ಟೆ," ಎಂದರು ಭಾವ. "ಓಡಿಸೋದು ಅವಳೇ ಕಲ್ತಿದ್ದು. ನಾನು ಬರೀ ಬ್ರೇಕ್ ಹಾಕಿದ್ದು." ಸ್ವಲ್ಪ ತಡೆದು ಹೇಳಿದರು, "ಇನ್ನೊಂದು ವಿಷಯ. ಇವತ್ತಿನ ತನಕ ನಾನು ಸರ್ಕಲ್ ನೋಡಿರ್ಲಿಲ್ಲ."

ಯಾರೂ ನಗಲಿಲ್ಲ. ಡಾಕ್ಟರು ಮೆಲ್ಲಗೆ ಕೆಮ್ಮಿ, "ಹಾಗಾದ್ರೆ ನಾವು ವಾಪಸ್ ಹೋಗೋದು ಹ್ಯಾಗೆ?" ಎಂದು ಕೇಳಿದರು. ಕೇಳಿದ್ದು ಭಾವನನ್ನಲ್ಲ, ಅಕ್ಕನನ್ನು. ಅಕ್ಕ ಫಾರಂ ಎದೆಗೊತ್ತಿ ಹಿಡಿದೇ, ಇಲ್ಲಿಂದ ಹೋಗುವಾಗ ಬೋರ್ಡಿನ ಮುಖ ಕಾಣುತ್ತದೆ, ಒಳಗೆ ಹೊಕ್ಕ ಮೇಲೆ ಬೆರಳಲ್ಲಿ ಬಾಯಿಗಳನ್ನು ಎಣಿಸಿಕೊಳ್ಳಿ, ಬ್ಯಾಂಕಿಗೆ ಎರಡನೆಯದು, ಆಸ್ಪತ್ರೆಗೆ ಮೂರನೆಯದು ಎಂದು ನಿಧಾನವಾಗಿ ವಿವರಿಸಿದಳು. ಅವರು ಎರಡೆರಡು ಸಲ ಹೇಳಿಸಿಕೊಂಡು, ಬೆರಳು ಮಡಿಚುತ್ತಾ ಒಬ್ಬೊಬ್ಬರೇ ಹೊರಟರು. ಅಂಗಳ ಖಾಲಿಯಾಯಿತು.

ನಾವು ಮೂವರೇ ಉಳಿದೆವು. ಅಕ್ಕ ಕಾರಿನ ಬಾಗಿಲ ಹತ್ತಿರ ನಿಂತು ಫಾರಂನಲ್ಲಿ ಬರೆದಿದ್ದನ್ನು ಮತ್ತೊಮ್ಮೆ ಓದುತ್ತಿದ್ದಳು. ಭಾವ ಅವಳ ಹತ್ತಿರ ಹೋಗಿ, ನಾನು ಇರುವುದನ್ನು ಮರೆತು, ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ನಾನೆಂದೂ ಕೇಳದ ಮೆಲುದನಿಯಲ್ಲಿ ಕೇಳಿದರು.

"ಇವಳೇ, ನಂಗೂ ಒಂದೆರಡು ದಿನ ಆ ಸರ್ಕಲ್ ಹೇಳ್ಕೊಡ್ತೀಯಾ?"

ಅಕ್ಕ ಫಾರಂನಿಂದ ತಲೆಯೆತ್ತಲಿಲ್ಲ.

"ಸೋಮವಾರದಿಂದ ನಂಗೆ ಬಿಡುವಿರಲ್ಲ ರೀ. ಬೇಕಾದ್ರೆ ವ್ಯಾನಿನಲ್ಲಿ ಬನ್ನಿ. ಹಿಂದೆ ಮಕ್ಕಳ ಜೊತೆ ಕೂತ್ಕೋಬೇಕು. ಸೀಟು ಚಿಕ್ಕದು, ಎದ್ದು ನಿಲ್ಲಬಾರದು, ಕಿಟಕಿಯಿಂದ ಕೈ ಹೊರಗೆ ಹಾಕಬಾರದು."

ಭಾವ ತುಸು ಯೋಚಿಸಿ, ವ್ಯಾನ್ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದರು.